ಪೂರ್ವಾಶ್ರಮದ ಒಂದು ಕೊಲೆ

ಕಪಿಲಾ ನದಿಯ ದಂಡೆಯಲ್ಲೊಂದು ಆಶ್ರಮ. ಅಲ್ಲೇ ಉಂಡು, ಓದಿ ದೊಡ್ಡವನಾದ ಅಮೃತೇಶ ಬಂದು ಗುರುಗಳ ಕಾಲಿಗೆ ಬಿದ್ದ. ಮಾರನೆಯ ದಿನ ಅವನು ಹೈಕೋರ್ಟ್ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸುವವನಿದ್ದ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಪಾಪ.

“ಅಷ್ಟೆತ್ತರ ಹೇಗೆ ಹತ್ತಿದೆಯಪ್ಪಾ?” ಗುರುಗಳು ಕೇಳಿದರು.

“ಮೊದಲು ತಾಲ್ಲೂಕಲ್ಲಿ ವಕೀಲಿ ಮಾಡಿದೆ ಬುದ್ಧಿ. ಆಮೇಲೆ ಸಿವಿಲ್ ಜಡ್ಜು, ಆಮೇಲೆ ಜಿಲ್ಲಾ ನ್ಯಾಯಾಧೀಶ. ಜವರಯ್ಯ ಅನ್ನೋನಿಗೆ ಒಂದು ಕೊಲೆ ಕೇಸಲ್ಲಿ ಜೀವಾವಧಿ ಕೊಟ್ಟೆ ನೋಡಿ, ಅಲ್ಲಿಂದ ಹೆಸರು ಬಂತು.”

“ಅವನೇ ಕೊಂದಿದ್ದು ಅಂತ ಹೇಗೆ ಗೊತ್ತಾಯ್ತು?”

“ಕಟಕಟೆಗೆ ಬಂದು ನಿಂತಾಗಲೇ ಗೊತ್ತಾಯ್ತು. ಮುಖದಲ್ಲೇ ಬರೆದಿತ್ತು!”

ಗುರುಗಳು ಎದ್ದರು. ಪಾದುಕೆ ಕಳಚಿಟ್ಟು, ಶಿಷ್ಯನ ಎದುರು ಕೈಮುಗಿದು ನಿಂತರು.

“ಮಹಾಸ್ವಾಮಿ,” ಅಂದರು.

ಅಮೃತೇಶ ಬೆಚ್ಚಿಬಿದ್ದ. ಕೋರ್ಟಿನಲ್ಲಿ ವಕೀಲರು ಅವನನ್ನು ಕರೆಯುತ್ತಿದ್ದದ್ದು ಹಾಗೆ. ಇಲ್ಲಿ ಭಕ್ತರು ಗುರುಗಳನ್ನು ಕರೆಯುತ್ತಿದ್ದದ್ದೂ ಹಾಗೆಯೇ.

“ಇದೇನು ಬುದ್ಧಿ! ಕೂತ್ಕೊಳ್ಳಿ!”

“ಸನ್ಯಾಸಿಯ ಪೂರ್ವಾಶ್ರಮ ಕೇಳಬಾರದು ಅಂತಾರೆ. ನಾನೇ ಹೇಳ್ತೀನಿ. ಸನ್ಯಾಸ ತಗೊಳ್ಳೋಕೆ ಮುಂಚೆ ನಾನೊಂದು ಕೊಲೆ ಮಾಡಿದೀನಿ. ನ್ಯಾಯ ಹೇಳಿ.”

ಅಮೃತೇಶನ ಜೀವ ಬಾಯಿಗೆ ಬಂತು. ತನಗೆ ಅನ್ನವಿಟ್ಟ ಕೈ ಅದು. ಅವನಿಗೆ ಅಳುವೇ ಬಂದುಬಿಟ್ಟಿತು.

“ಸುಳ್ಳು! ಇರುವೆ ಕಂಡರೂ ಪಕ್ಕಕ್ಕೆ ಸರಿದು ನಡೆಯೋರು ನೀವು. ಇದು ಕೊಲೆಗಾರನ ಮುಖವಾ?”

“ಹಾಗಾದರೆ ತೀರ್ಪು?”

“ನಿರಪರಾಧಿ! ಬಿಡುಗಡೆ!”

“ಸತ್ತವರು ಯಾರು?” ಗುರುಗಳು ಮೆಲ್ಲಗೆ ಕೇಳಿದರು. “ಹೇಗೆ ಸತ್ತರು? ಯಾರು ನೋಡಿದರು? ಒಂದನ್ನೂ ಕೇಳಲಿಲ್ಲವಲ್ಲ ನೀನು.”

ಅಮೃತೇಶನ ಕಣ್ಮುಂದೆ ಜವರಯ್ಯ ಬಂದು ನಿಂತ. ‘ನಂದೂ ಒಂದ್ ಮಾತು ಕೇಳಿ ಮಹಾಸ್ವಾಮಿ’ ಎಂದು ಅವನು ಅಂಗಲಾಚಿದ್ದ. ಕಣ್ಣು ಕೆಂಪಗೆ ಮಾಡಿ ಬಾಯಿ ಮುಚ್ಚಿಸಿದ್ದು ತಾನೇ. ಆ ಮನುಷ್ಯ ಇನ್ನೂ ಜೈಲಿನಲ್ಲಿದ್ದಾನೆ.

ಅಮೃತೇಶ ಎದುರಿಗಿದ್ದ ಗುರುಗಳ ಮುಖವನ್ನು ನೋಡಿದ, ಮತ್ತೆ ನೋಡಿದ. ಅದರಲ್ಲಿ ಏನೂ ಬರೆದಿರಲಿಲ್ಲ.

“ಬುದ್ಧಿ... ನಿಜವಾಗ್ಲೂ ಕೊಲೆ ಮಾಡಿದ್ರಾ?”

ಗುರುಗಳು ಪಾದುಕೆ ಮೆಟ್ಟಿಕೊಂಡರು.

“ಅದನ್ನ ತೀರ್ಪು ಕೊಡೋಕೆ ಮುಂಚೆ ಕೇಳ್ಬೇಕಿತ್ತು ಕಣಪ್ಪಾ.”