ಸೋತ ದಿನದ ಜೆರ್ಸಿಗಳು

ಮಲಪ್ರಭೆಯ ದಡದಲ್ಲಿ ಒಂದು ಸಣ್ಣ ಕಾಲೇಜು. ಅದರ ಫುಟ್‌ಬಾಲ್ ತಂಡಕ್ಕೆ ಆ ವರ್ಷ ಇನಾಮದಾರ ಎಂಬ ಹೊಸ ಕೋಚ್ ಬಂದರು. ಮಾತು ಕಡಿಮೆ, ಸಿಟ್ಟು ಜಾಸ್ತಿ.

ತಂಡದಲ್ಲಿ ಹಳೆಯದೊಂದು ಪದ್ಧತಿಯಿತ್ತು. ಸೋತರೆ ಕ್ಯಾಪ್ಟನ್ ಯಾರಾದರೊಬ್ಬ ಆಟಗಾರನ ಕಡೆ ಬೆರಳು ತೋರಿಸುತ್ತಾನೆ. ಸೋಲಿಗೆ ಕಾರಣ ಅವನು. ಎಲ್ಲರ ಜೆರ್ಸಿಗಳನ್ನು ಹೊಳೆಗೆ ಹೊತ್ತೊಯ್ದು ಒಗೆಯಬೇಕಾದವನೂ ಅವನೇ. ಯಾವ ಪುಣ್ಯಾತ್ಮ ಶುರು ಮಾಡಿದನೋ, ಹೊಲಸು ಪದ್ಧತಿ.

ಆ ಸೀಸನ್ನಿನಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಕ್ಯಾಪ್ಟನ್ ರುದ್ರಗೌಡನ ಬೆರಳು ಪ್ರತಿ ಸಲವೂ ಗೋಲ್‌ಕೀಪರ್ ಲಗಮಣ್ಣನ ಕಡೆಗೇ. ತಂಡದ ಗೋಲುಗಳನ್ನೆಲ್ಲ ಹೊಡೆದವನು ರುದ್ರಗೌಡ, ಅವನಿಗೆ ಎದುರು ಮಾತಾಡುವವರು ಯಾರು? ಲಗಮಣ್ಣ ತಲೆ ತಗ್ಗಿಸಿ ಗಂಟು ಹೊರುತ್ತಿದ್ದ. ಕೋಚ್ ನೋಡುತ್ತಿದ್ದರು.

ಉಳಿದದ್ದು ಎರಡೇ ಪಂದ್ಯ. ಅದರಲ್ಲಿ ಮೊದಲನೆಯದು ಮಳೆಯಲ್ಲಿ, ಕೆಸರಿನಲ್ಲಿ ನಡೆಯಿತು. ಮತ್ತೆ ಸೋತರು.

ಮರುದಿನ ಮುಂಜಾನೆ ರುದ್ರಗೌಡ ಕೋಚ್ ಕೋಣೆಗೆ ನುಗ್ಗಿದ.

“ಸರ್, ಲಗಮಣ್ಣನ್ನ ತಗದ ಹಾಕ್ರಿ. ಅವ ಇದ್ರ ಕಡೀ ಮ್ಯಾಚೂ ಹೋತು. ಇಲ್ಲಾಂದ್ರ ನಾನೇ ಟೀಮ್ ಬಿಡ್ತೀನಿ.”

“ಅವನಿಂದ ಸೋತ್ವೇನು?”

“ಮತ್ತ ಯಾರಿಂದ್ರಿ? ಬಾಲ್ ಹಿಡ್ಯಾಕ ಬರೂದಿಲ್ಲ ಅವಗ.”

“ಗೋಲ್ ಬೀಳೂ ಹೊತ್ತಿನ್ಯಾಗ ನೀ ಎಲ್ಲಿದ್ದಿ?”

“ಅತ್ತ ಅವರ ಗೋಲಿನ ಮುಂದ ನಿಂತಿದ್ನಿರಿ, ಬಾಲ್ ಬರ್ಲಿ ಅಂತ. ಅಲ್ಲಿಂದನ ಒದರಿದೆ. ಒಬ್ಬರೂ ಕೇಳ್ಲಿಲ್ಲ.”

ಕೋಚ್ ಮೂಲೆಯಲ್ಲಿದ್ದ ಜೆರ್ಸಿ ಗಂಟನ್ನು ಕಾಲಿನಿಂದ ಅವನತ್ತ ನೂಕಿದರು.

“ಇವತ್ತ ನೀ ಒಗಿ.”

ರುದ್ರಗೌಡನ ಮೈಯೆಲ್ಲ ಉರಿಯಿತು. “ನಾ ಯಾಕ್ರಿ? ಕ್ಯಾಪ್ಟನ್ ಅದೀನಿ ನಾ.”

“ಒಗದ ಬಾ. ಯಾರನ್ನ ತಗೀಬೇಕಂತ ಆಮ್ಯಾಲೆ ಮಾತಾಡೂಣು.”

ಹೊಳೆಯಲ್ಲಿ ಅವನು ಜೆರ್ಸಿಗಳನ್ನು ಕಲ್ಲಿಗೆ ಅಪ್ಪಳಿಸಿದ. ಒಂದೊಂದು ಏಟಿಗೂ ಕೋಚಿಗೊಂದು ಬೈಗುಳ, ಲಗಮಣ್ಣನಿಗೊಂದು ಬೈಗುಳ.

ಹಿಂದೆ ಡಿಫೆನ್ಸಿನಲ್ಲಿ ಆಡುವ ಇಸ್ಮಾಯಿಲನ ಜೆರ್ಸಿಯಿಂದ ಕೆಂಪು ಮಣ್ಣು ಇಳಿಯುತ್ತಲೇ ಇತ್ತು. ಇನ್ನೊಂದರ ಭುಜ ಹರಿದಿತ್ತು. ಮತ್ತೊಂದರ ಬೆನ್ನ ಮೇಲೆ ಯಾರದೋ ಬೂಟಿನ ಗುರುತು.

ಲಗಮಣ್ಣನ ಜೆರ್ಸಿಯ ಮೊಣಕೈಗೆ ರಕ್ತ ಮೆತ್ತಿತ್ತು. ತಿಕ್ಕಿದ, ಹೋಗಲಿಲ್ಲ. ಇವನು ಬಿದ್ದದ್ದು ಯಾವಾಗ? ರುದ್ರಗೌಡ ನೆನಪು ಮಾಡಿಕೊಂಡ. ತಾನು ನೋಡಿಯೇ ಇರಲಿಲ್ಲ.

ಆಮೇಲೆ ಅವನ ಬೈಗುಳ ನಿಂತಿತು. ಸಿಟ್ಟು ಮಾತ್ರ ಹಾಗೇ ಇತ್ತು, ಯಾರ ಮೇಲೆ ಎಂದು ತಿಳಿಯದೆ.

ಕೋಚ್ ಬಂದಾಗ ಜೆರ್ಸಿಗಳೆಲ್ಲ ಬಂಡೆಯ ಮೇಲೆ ಒಣಗುತ್ತಿದ್ದವು. ಒಂದು ಮಾತ್ರ ಪಕ್ಕದಲ್ಲಿ ಮುದ್ದೆಯಾಗಿ ಬಿದ್ದಿತ್ತು.

“ಅದ್ಯಾರದು?”

“ನಂದ್ರಿ.”

“ಯಾಕ ಒಗದಿಲ್ಲ?”

ರುದ್ರಗೌಡ ನೀರಿನ ಕಡೆ ಮುಖ ತಿರುಗಿಸಿದ. ಹಲ್ಲು ಕಚ್ಚಿ ಹೇಳಿದ.

“ಅದಕ್ಕ ಕೆಸರು ಹತ್ತಿಲ್ರಿ.”

ಕೋಚ್ ಅದನ್ನು ಕೊಡವಿ, ಹಿಂದೆ ಮುಂದೆ ನೋಡಿ, ಅವನ ಕೈಗಿಟ್ಟರು.

“ಮುಂಜಾನೆ ಏನೋ ಕೇಳಾಕ ಬಂದಿದ್ದಿ. ಈಗ ಇನ್ನೊಮ್ಮೆ ಕೇಳು.”