ಏಳು ಕಡೆ ಸಾರಿದ ಪದ

ಮಠದ ದಾಸೋಹ ಮನೆಯಲ್ಲಿ ಮೂರು ದಿನಗಳಿಂದ ಊಟದ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆದಿರಲಿಲ್ಲ. ಮಠದ ನೆನಪಿನಲ್ಲಿ ಹೀಗಾದದ್ದು ಇದು ಎರಡನೆಯ ಸಲ. ಮೊದಲ ಸಲ ಊರಿಗೆ ಪ್ಲೇಗು ಬಂದಿತ್ತು. ಈ ಸಲ ಬಂದದ್ದು ಒಂದು ಫಲಕದ ಪ್ರಶ್ನೆ.

ದಾಸೋಹ ಮನೆಯ ಹಿಂಬಾಗಿಲ ಮೇಲೆ ‘ಎಂಜಲು ಎತ್ತುವವರ ಬಾಗಿಲು’ ಎಂದು ಬರೆದ ಹಲಗೆ ಇತ್ತು. ಊಟವಾದ ಮೇಲೆ ಎಲೆ ಎತ್ತುವ ಹೆಂಗಸು ಆ ಬಾಗಿಲಿನಿಂದ ಒಳಗೆ ಬಂದು, ಆ ಬಾಗಿಲಿನಿಂದಲೇ ಹೊರಗೆ ಹೋಗುತ್ತಿದ್ದಳು. ಬರೆದ ಪದ ಹೀನವಾಗಿದೆ ಎಂಬುದು ಶಿಷ್ಯರಿಗೆ ಈ ವರ್ಷ ಹೊಳೆಯಿತು. ‘ಪ್ರಸಾದಪರ್ಣ ಸೇವಾರ್ಥಿಗಳ ದ್ವಾರ’ ಎಂದಾಗಬೇಕು ಎಂದು ಕೆಲವರು ಹಟ ಹಿಡಿದರು. ‘ಪತ್ರಾವಳಿ ಸೇವಕರ ದ್ವಾರ’ ಎಂದು ಉಳಿದವರು. ಮೂರು ದಿನವೂ ಸಾರು ಆರಿತು. ಬಾಗಿಲು ಬೇರೆ ಏಕೆ ಎಂಬುದು ಚರ್ಚೆಯ ವಿಷಯವಾಗಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಡವಯ್ಯ ಎಂಬ ಶಿಷ್ಯ ಗುರುಗಳ ಬಳಿಗೆ ಹೋದ. ಅವನು ಪ್ರಸಾದಪರ್ಣದ ಪಕ್ಷದವನು.

“ಬುದ್ಧೀ, ಒಂದು ಪ್ರಶ್ನೆ. ಹೀನವಾದ ಪದವನ್ನು ತೆಗೆದು ಒಳ್ಳೆಯ ಪದ ಇಟ್ಟರೆ, ಹೀನವೂ ಅದರ ಜೊತೆಗೇ ಹೋಗುತ್ತದಲ್ಲವೆ?”

ಗುರುಗಳು ಹತ್ತಿ ಬಿಡಿಸುತ್ತಿದ್ದರು. ಬತ್ತಿ ಹೊಸೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

“ಕೂತುಕೋ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಡಂಗುರದವನಿದ್ದ. ತಮಟೆ ಬಡಿದು ಊರಿನ ಸುದ್ದಿ ಸಾರುವುದು ಅವನ ಕೆಲಸ. ಅವನ ತಂದೆಯದೂ ಅದೇ ಕೆಲಸ, ತಾತನದೂ ಅದೇ. ಊರವರು ತಾತನನ್ನು ಒಂದು ಪದದಿಂದ ಕರೆಯುತ್ತಿದ್ದರು. ತಂದೆಯನ್ನು ಅದೇ ಪದದಿಂದ ಕರೆದರು. ಅವನನ್ನೂ ಅದೇ ಪದದಿಂದ ಕರೆದರು. ಬೈಯಬೇಕಾದಾಗ ಊರವರು ತಮ್ಮತಮ್ಮಲ್ಲೂ ಅದನ್ನೇ ಬಳಸುತ್ತಿದ್ದರು. ಬೇರೆ ಬೈಗುಳ ಹುಡುಕುವ ತೊಂದರೆ ತಪ್ಪಿತ್ತು.

ಅವನ ಮನೆ ಊರ ಹೊರಗೆ, ಕೆರೆಯ ದಡದಲ್ಲಿ. ಊರಿಗೂ ಮನೆಗೂ ನಡುವೆ ದಾರಿಯಲ್ಲಿ ಒಂದು ಚಪ್ಪಡಿ ಕಲ್ಲು. ಊರವರು ಆ ಕಲ್ಲನ್ನು ದಾಟಿ ಬರುತ್ತಿರಲಿಲ್ಲ. ಕೆಲಸವಿದ್ದರೆ ಕಲ್ಲಿನ ಹತ್ತಿರ ನಿಂತು ಆ ಪದವನ್ನು ಕೂಗುತ್ತಿದ್ದರು. ಅವನು ಮನೆಯಿಂದ ಎದ್ದು ಬರಬೇಕು.

ಅವನಿಗೆ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ದಿನದಿಂದ ಅವನು ಒಂದು ಅಭ್ಯಾಸ ಮಾಡಿಕೊಂಡ. ಮನೆಯಲ್ಲಿರುವಾಗಲೆಲ್ಲ ದಾರಿಯ ಕಡೆಗೆ ಮುಖ ಮಾಡಿ ಕೂರುತ್ತಿದ್ದ. ಯಾರಾದರೂ ಬರುವುದು ಕಂಡರೆ ಉಣ್ಣುತ್ತಿದ್ದ ಅನ್ನ ಬಿಟ್ಟು ಓಡುತ್ತಿದ್ದ. ಬಂದವರು ಬಾಯಿ ತೆರೆಯುವ ಮೊದಲೇ ಕಲ್ಲಿನ ಮುಂದೆ ಕೈಕಟ್ಟಿ ನಿಂತಿರುತ್ತಿದ್ದ. ಮುಂದೆಯೇ ನಿಂತವನನ್ನು ಕೂಗುವ ಅಗತ್ಯವಿಲ್ಲ. ಊರವರು ಆ ಪದವನ್ನು ಮೆಲ್ಲಗೆ ಹೇಳಿ ಕೆಲಸ ತಿಳಿಸುತ್ತಿದ್ದರು. ಮಾತು ಮನೆಯವರೆಗೆ ಕೇಳುತ್ತಿರಲಿಲ್ಲ.

ಹೀಗೆ ಹುಡುಗಿಗೆ ಒಂಬತ್ತು ವರ್ಷವಾಯಿತು. ಅವಳು ಊರೊಳಗೆ ಹೋದವಳಲ್ಲ. ಕೆರೆಯ ಆಚೆಯ ಗುಡ್ಡದಲ್ಲಿ ಕಟ್ಟಿಗೆ ಆಯುತ್ತಿದ್ದಳು. ಆ ಪದವನ್ನು ಒಂದು ಸಲವೂ ಕೇಳಿರಲಿಲ್ಲ. ತಂದೆ ಅಷ್ಟು ಜೋರಾಗಿ ಓಡುವುದು ಕಂಡು, ತನ್ನ ತಂದೆ ಊರಿಗೆ ತುಂಬ ಬೇಕಾದವನಿರಬೇಕು ಎಂದುಕೊಂಡಿದ್ದಳು.

ಊರವರೂ ಅವನ ವಿಧೇಯತೆಯನ್ನು ಮೆಚ್ಚಿದ್ದರು. “ಇವರಪ್ಪನನ್ನು ಮೂರು ಸಲ ಕೂಗಬೇಕಿತ್ತು. ಇವನು ಕರೆಯುವ ಮೊದಲೇ ಹಾಜರ್” ಎನ್ನುತ್ತಿದ್ದರು.

ಒಂದು ದಿನ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಊರಿನ ಯಜಮಾನ ಅವನೆದುರಿಗೆ ಡಂಗುರದವನನ್ನು ಎಂದಿನಂತೆ ಕರೆದ. ಅಧಿಕಾರಿ ಮುಖ ಸಿಂಡರಿಸಿ, “ನಮ್ಮ ಕಡೆ ಸಭ್ಯರು ಈ ಪದ ಬಿಟ್ಟು ಎಷ್ಟೋ ಕಾಲವಾಯಿತು” ಎಂದ. ಎಲೆಯಡಿಕೆ ಹಾಕಿಕೊಂಡು ಹೊರಟುಹೋದ.

ಯಜಮಾನನಿಗೆ ಆ ದಿನ ಊಟ ಸೇರಲಿಲ್ಲ. ಡಂಗುರದವನ ಬಗ್ಗೆ ಅವನು ಯೋಚಿಸಿದ್ದ ಎಂದು ಹೇಳಲಾಗದು. ಆದರೆ ಊರಿನ ಮಾನದ ಬಗ್ಗೆ ಬಹಳ ಯೋಚಿಸಿದ. ಮರುದಿನವೇ ಚಾವಡಿಯಲ್ಲಿ ಸಭೆ ಕರೆದ.

ಸಭೆ ಮೂರು ದಿನ ನಡೆಯಿತು. ತೀರ್ಮಾನವಾದ ಕೂಡಲೆ ಸಾರಬೇಕಾದ್ದರಿಂದ ಡಂಗುರದವನು ಚಾವಡಿಯ ಕೆಳಗೆ ತಮಟೆ ಹಿಡಿದು ಬಿಸಿಲಲ್ಲಿ ನಿಂತಿದ್ದ. ಹಿಂದಿನ ಮೂರು ವರ್ಷಗಳಲ್ಲಿ ಅವನ ಕಿವಿಗೆ ಬಿದ್ದದ್ದಕ್ಕಿಂತ ಹೆಚ್ಚು ಸಲ ಆ ಪದ ಆ ಮೂರು ದಿನಗಳಲ್ಲಿ ಬಿತ್ತು. ಅದು ಎಷ್ಟು ಕೆಟ್ಟದ್ದು ಎಂದು ಒಬ್ಬೊಬ್ಬರೂ ಅದನ್ನು ಹೇಳಿಯೇ ವಿವರಿಸಿದರು.

ಪದ ಬಿಡುವುದೆಂದಾಯಿತು. ಇನ್ನು ಮುಂದೆ ಅವನನ್ನು ಏನೆಂದು ಕರೆಯುವುದು? ಮೂಲೆಯಲ್ಲಿ ತೂಕಡಿಸುತ್ತಿದ್ದ ಒಬ್ಬ ಮುದುಕ ತಲೆಯೆತ್ತಿ, “ಅವನಿಗೂ ಒಂದು ಹೆಸರಿರಬೇಕಲ್ಲ?” ಎಂದ. ಸಭೆ ಅವನ ವಯಸ್ಸಿಗೆ ಗೌರವ ಕೊಟ್ಟು ಮುಂದಿನ ವಿಷಯಕ್ಕೆ ಹೋಯಿತು. ಕೊನೆಗೆ ಪಂಡಿತನೊಬ್ಬ ಗ್ರಂಥ ನೋಡಿ ‘ಡಿಂಡಿಮಸೇವಕ’ ಎಂಬ ಪದವನ್ನು ತಂದ. ಹಾಗೆಂದರೆ ತಮಟೆಯ ಸೇವೆ ಮಾಡುವವನು. ಎಲ್ಲರಿಗೂ ತಾವು ಏನೋ ಕೊಟ್ಟೆವು ಎಂಬ ಸಮಾಧಾನವಾಯಿತು.

ಹಳೆಯ ಪದ ಆಡಿದವರು ಒಂದು ದಿನ ಚಾವಡಿಯ ಮುಂದೆ ಬರಿತಲೆಯಲ್ಲಿ ನಿಲ್ಲಬೇಕು ಎಂದು ಕಟ್ಟಳೆಯಾಯಿತು. ಸಾರುವಾಗ ಮಾತ್ರ ಡಂಗುರದವನಿಗೆ ವಿನಾಯಿತಿ. ಆ ಊರಿನ ಪದ್ಧತಿಯಂತೆ, ಏಳು ಕಡೆ ಸಾರದ ಕಟ್ಟಳೆ ಕಟ್ಟಳೆಯಲ್ಲ. ಊರೊಳಗೆ ಆರು ಬೀದಿಯ ಮೂಲೆ. ಏಳನೆಯದು ಕೆರೆಯ ದಾರಿಯ ಚಪ್ಪಡಿ ಕಲ್ಲು.

ಕಟ್ಟಳೆ ಬರೆದ ಓಲೆಯನ್ನು ಓದಿ ಹೇಳಿದಾಗ ಡಂಗುರದವನು ಯಜಮಾನನ ಮುಂದೆ ಬಾಗಿದ.

“ಒಡೆಯಾ, ಆ ಪದವೊಂದನ್ನು ಬಿಟ್ಟು ಸಾರಲೇ?”

“ಬಿಟ್ಟರೆ, ಬಿಡಬೇಕಾದ ಪದ ಯಾವುದು ಅಂತ ಜನಕ್ಕೆ ಗೊತ್ತಾಗೋದು ಹೇಗೋ?”

“ಹಾಗಾದರೆ ಊರೊಳಗೆ ಆರು ಕಡೆ ಸಾರುತ್ತೇನೆ. ಕೆರೆ ದಾರಿಯಲ್ಲಿ ನಾನು, ನನ್ನ ಮಗಳು ಬಿಟ್ಟರೆ ಯಾರೂ ಇಲ್ಲ ಒಡೆಯಾ. ಅಲ್ಲಿ ಬೇಡ.”

ಯಜಮಾನನಿಗೆ ಬೇಸರವಾಯಿತು. “ಯಾರಿಗೋಸ್ಕರ ಮೂರು ದಿನ ಗಂಟಲು ಹರಿದುಕೊಂಡೆವೋ ಅವರ ಮನೆಯ ಮುಂದೆಯೇ ಬೇಡವಂತೆ! ಅಲ್ಲಿಂದಲೇ ಶುರು ಮಾಡು. ನಿನ್ನ ಮಗಳಿಗೂ ತಿಳಿಯಲಿ, ಊರು ನಿಮಗೆ ಏನು ಮಾಡಿತು ಅಂತ.”

ಡಂಗುರದವನು ಮನೆಗೆ ಹೋಗಿ ಮಗಳಿಗೆ ಹೇಳಿದ. “ಇವತ್ತು ಗುಡ್ಡದ ಆಚೆ ಮಗ್ಗುಲಿಗೆ ಹೋಗವ್ವ. ಅಲ್ಲಿ ಒಣಕಟ್ಟಿಗೆ ಬೇಕಾದಷ್ಟಿದೆ.”

“ಈಚೆಗೂ ಇದೆಯಲ್ಲಪ್ಪ?”

“ಆಚೆಯದು ಚೆನ್ನಾಗಿ ಉರಿಯುತ್ತೆ.”

ಅವಳು ಹೋದಳು. ಅವಳು ಗುಡ್ಡ ಹತ್ತುವುದನ್ನು ಅವನು ನೋಡುತ್ತ ನಿಂತ. ಅಷ್ಟರಲ್ಲಿ ಕಾವಲಿನ ತಳವಾರ ಕಲ್ಲಿನ ಬಳಿಗೆ ಬಂದುಬಿಟ್ಟ. ಕಟ್ಟಳೆಯನ್ನು ಸರಿಯಾಗಿ ಸಾರಿದನೆ ಎಂದು ನೋಡುವುದು ಅವನ ಕೆಲಸ.

ಡಂಗುರದವನು ತಮಟೆಯನ್ನು ಮೆಲ್ಲಗೆ ಬಡಿದ. ಮೆಲ್ಲಗೆ ಸಾರಿದ.

“ದನಿ ಎತ್ತೋ” ಎಂದ ತಳವಾರ. “ಪಕ್ಕದಲ್ಲಿರೋ ನನಗೇ ಕೇಳಲಿಲ್ಲ.”

“ಇಲ್ಲಿ ಕೇಳೋರು ಯಾರಿದ್ದಾರೆ ಅಣ್ಣಾ, ಕೆರೆಯ ಕೊಕ್ಕರೆಯೆ?”

“ಕೊಕ್ಕರೆಯೇ ಕೇಳಲಿ. ಗೊಣಗಿದ್ದನ್ನು ಸಾರಿದ್ದು ಅಂತ ಯಜಮಾನರ ಮುಂದೆ ಸುಳ್ಳು ಹೇಳೋಕಾಗಲ್ಲ ನಾನು. ನಿನ್ನ ದನಿ ಮೂರು ಊರಿಗೆ ಕೇಳುತ್ತೆ ಅಂತ ಹೆಸರು. ಎತ್ತು.”

ಅವನು ದನಿ ಎತ್ತಿದ. “ಕೇಳ್ರಪ್ಪೋ ಕೇಳ್ರೀ! ಇಂದಿನಿಂದ ಈ ಊರಿನಲ್ಲಿ ಯಾರೂ ಯಾರನ್ನೂ...”

ಗುರುಗಳು ಇಲ್ಲಿ ನಿಲ್ಲಿಸಿ ಒಂದು ಬತ್ತಿ ಹೊಸೆದು ಪಕ್ಕಕ್ಕಿಟ್ಟರು. “ಇಲ್ಲಿ ಆ ಪದ ಬರುತ್ತದೆ” ಎಂದರು. ಹೇಳಲಿಲ್ಲ. ಕತೆ ಮುಂದುವರಿಸಿದರು.

ಪದ್ಧತಿಯಂತೆ ಮೂರು ಸಲ ಸಾರಿದ. ಆಮೇಲೆ ಊರೊಳಗೆ ಆರು ಕಡೆ. ಒಟ್ಟು ಇಪ್ಪತ್ತೊಂದು ಸಲ.

ಸಂಜೆ ಮಗಳು ಕಟ್ಟಿಗೆ ಹೊರೆ ಇಳಿಸಿದಳು. ನೀರು ಕುಡಿದಳು. ಅವನ ಪಕ್ಕದಲ್ಲಿ ಕೂತು, “ಅಪ್ಪಾ, ನೀನು ಕೂಗಿದ್ದು ಗುಡ್ಡಕ್ಕೂ ಕೇಳಿಸಿತು” ಎಂದಳು. ತಂದೆಯ ದನಿಯ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಆಮೇಲೆ ಆ ಪದವನ್ನು ಹೇಳಿ, “ಹಾಗೆಂದರೆ ಯಾರು?” ಎಂದು ಕೇಳಿದಳು.

“ಯಾರೂ ಅಲ್ಲ ಮಗಳೇ” ಎಂದ ಅವನು. “ಇನ್ನು ಮೇಲೆ ಯಾರೂ ಅಲ್ಲ.”

ಅವಳು ತಂದೆಯ ಮುಖವನ್ನೇ ನೋಡಿದಳು. ಮಾರನೆಯ ದಿನದಿಂದ ಅವನು ದಾರಿಯ ಕಡೆಗೆ ಓಡಿದಾಗ ಏಕೆ ಓಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಕಟ್ಟಳೆ ಚೆನ್ನಾಗಿ ನಡೆಯಿತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ದೂರು ಕೊಡಬೇಕಾದರೆ ಆ ಪದವನ್ನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದರೆ ದೂರು ಕೊಟ್ಟವನೇ ತಪ್ಪಿತಸ್ಥನಾಗುತ್ತಿದ್ದ.

ಡಿಂಡಿಮಸೇವಕ ಎಂಬ ಪದವನ್ನು ಊರವರು ಒಂದು ತಿಂಗಳು ಪೂರ್ತಿಯಾಗಿ ಹೇಳಿದರು. ಆಮೇಲೆ ಅದು ಉದ್ದವೆನಿಸಿತು. ‘ಡಿಂಡಿ’ ಎಂದರು. ಕರೆಯುವವರು ಚಪ್ಪಡಿ ಕಲ್ಲಿನ ಬಳಿಯೇ ನಿಲ್ಲುತ್ತಿದ್ದರು. ತಾಯಂದಿರು ಸ್ನಾನ ಮಾಡದ ಮಕ್ಕಳನ್ನು “ಡಿಂಡಿ ಥರ ಇದ್ದೀಯ, ದೂರ ಹೋಗು” ಎಂದು ಗದರತೊಡಗಿದರು. ಇಬ್ಬರು ದಾಯಾದಿಗಳು ಒಬ್ಬರನ್ನೊಬ್ಬರು ಹಾಗೆ ಕರೆದು ತಲೆ ಒಡೆದುಕೊಂಡರು. ಮೂರು ವರ್ಷ ಕಳೆಯುವ ಹೊತ್ತಿಗೆ ಸಭ್ಯರ ಮುಂದೆ ಆಡಲಾಗದಷ್ಟು ಕೆಟ್ಟಿತು ಆ ಪದ.

ಊರಿನ ಮಾನದ ಪ್ರಶ್ನೆ ಮತ್ತೆ ಎದ್ದಿತು. ಯಜಮಾನ ಮತ್ತೆ ಸಭೆ ಕರೆದ. ಅನುಭವವಿದ್ದುದರಿಂದ ಈ ಸಲ ಎರಡೇ ದಿನ ಸಾಕಾಯಿತು. ಪಂಡಿತ ಇನ್ನೊಂದು ಪದ ತಂದ. ಅದು ಮೊದಲಿನದಕ್ಕಿಂತ ಉದ್ದವಾಗಿತ್ತು. ಮೂಲೆಯ ಮುದುಕ ಆ ಹೊತ್ತಿಗೆ ತೀರಿಕೊಂಡಿದ್ದ.

ಒಂದು ತೊಡಕು ಬಂತು. ಡಂಗುರದವನಿಗೆ ದನಿ ಇರಲಿಲ್ಲ. ಕಲ್ಲಿನ ಬಳಿ ಸಾರಿದ ದಿನದಿಂದ ಅದು ಕುಗ್ಗುತ್ತ ಬಂದಿತ್ತು. ವೈದ್ಯ ಗಂಟಲು ನೋಡಿ, ರೋಗವೇನೂ ಇಲ್ಲ ಎಂದಿದ್ದ. ಈಗ ಅವನು ಮಗಳೊಂದಿಗೂ ಸನ್ನೆಯಲ್ಲೇ ಮಾತಾಡುತ್ತಿದ್ದ. ಹೆಚ್ಚು ಹೊತ್ತು ಮಲಗಿರುತ್ತಿದ್ದ.

“ಮಗಳು ಬೆಳೆದಿದ್ದಾಳಲ್ಲ. ಅವಳನ್ನು ಕರೆದುಕೊಂಡು ಬಾ” ಎಂದ ಯಜಮಾನ.

ತಳವಾರ ಕೆರೆಯ ದಾರಿ ಹಿಡಿದ. ಕಲ್ಲು ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಅವಳು ಎದುರಿಗೆ ಓಡಿಬಂದು ಕೈಕಟ್ಟಿ ನಿಂತಳು. ಮುಂಗೈಗೆ ಅಂಬಲಿ ಮೆತ್ತಿತ್ತು. ತಂದೆಗೆ ಕುಡಿಸುತ್ತಿದ್ದವಳು ಎದ್ದು ಬಂದಿದ್ದಳು.

“ಅಯ್ಯೋ, ನಾನಿನ್ನೂ ಕರೆಯಲೇ ಇಲ್ಲವಲ್ಲೇ!”

“ಮೆಲ್ಲಗೆ ಹೇಳಣ್ಣ” ಎಂದಳು ಅವಳು. “ಅಪ್ಪನಿಗೆ ದನಿ ಹೋಗಿದೆ. ಕಿವಿ ಹೋಗಿಲ್ಲ.”

ತಳವಾರ ಚಾವಡಿಗೆ ಬಂದು, “ತಂದೆಯದೇ ಗುಣ. ಕೂಗಿಸಿಕೊಳ್ಳೋದೇ ಇಲ್ಲ” ಎಂದು ವರದಿ ಮಾಡಿದ. ಸಭೆ ತಲೆದೂಗಿತು.

ಅವಳು ಊರೊಳಗೆ ಕಾಲಿಟ್ಟದ್ದು ಅದೇ ಮೊದಲು. ಇನ್ನು ಮುಂದೆ ಯಾರೂ ಯಾರನ್ನೂ ಡಿಂಡಿ ಎಂದು ಕರೆಯಕೂಡದು ಎಂದು ಆರು ಮೂಲೆಗಳಲ್ಲಿ ಸಾರಿದಳು. ಆ ಪದಕ್ಕಿಂತ ಮೊದಲು ಇನ್ನೊಂದು ಪದವಿತ್ತು, ಅದನ್ನೂ ಆಡಕೂಡದು ಎಂದು ಓಲೆಯಲ್ಲಿ ಸೇರಿಸಿದ್ದರು. ಅದನ್ನೂ ಸಾರಿದಳು. ಮರೆತಿದ್ದವರಿಗೆ ನೆನಪಾಯಿತು. ಗೊತ್ತಿಲ್ಲದ ಮಕ್ಕಳು ಕಲಿತುಕೊಂಡರು. ಅವಳ ದನಿ ತಂದೆಯದಕ್ಕಿಂತ ಇಂಪಾಗಿದೆ ಎಂದು ಊರು ಹೇಳಿತು.

ಏಳನೆಯದು ಚಪ್ಪಡಿ ಕಲ್ಲು. ಅಲ್ಲಿ ಅವಳು ದನಿ ತಗ್ಗಿಸಿದಳು. ತಳವಾರ ಎತ್ತು ಎಂದ. ಎತ್ತಿದಳು.

ಕತೆ ಅಲ್ಲಿಗೆ ನಿಂತಿತು. ಗುರುಗಳು ಹತ್ತಿಯಲ್ಲಿದ್ದ ಒಂದು ಕಾಳನ್ನು ಆರಿಸಿ ತೆಗೆದರು.

ಹಿತ್ತಿಲಲ್ಲಿ ಎಲೆ ಎತ್ತುವ ಹೆಂಗಸು ಎಲೆಗಳನ್ನು ತಿಪ್ಪೆಗೆ ಸುರಿಯುವ ಸದ್ದು ಕೇಳುತ್ತಿತ್ತು. ಅವಳು ಆ ಮಠಕ್ಕೆ ಬರತೊಡಗಿ ಹನ್ನೊಂದು ವರ್ಷವಾಗಿತ್ತು. ಅಡವಯ್ಯ ಬಂದೂ ಹನ್ನೊಂದು ವರ್ಷ.

ಅವನು ಕೇಳಿದ. “ಬುದ್ಧೀ, ಆ ಮೊದಲನೆಯ ಪದ ಯಾವುದು?”

ಗುರುಗಳು ಹೇಳಿದರು. “ಆ ಹುಡುಗಿಯ ಹೆಸರೇನು ಎಂದು ನೀನು ಕೇಳಲಿಲ್ಲ.”

ಹೊಸ ಫಲಕ ಸೋಮವಾರ ಬಂತು. ಹಳೆಯದರ ಮೊಳೆಗೇ ಅದನ್ನು ನೇತುಹಾಕಿದರು.