ವ್ಯಾಪಾರಿಯ ಕಾರು ಮತ್ತು ಅಡುಗೆಮನೆಯ ಕಿಟಕಿ

"ಗುರುಗಳೇ, ಬಾಯಿಂದ ಒಮ್ಮೆ ಹೊರಗೆ ಹೋದ ಮಾತನ್ನು ಮನುಷ್ಯ ಮತ್ತೆ ಯಾಕೆ ಒಳಗೆ ತೆಗೆದುಕೊಳ್ಳಬೇಕು?"

ಮುರುಘೇಂದ್ರ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ದಾಸೋಹ ಮುಗಿದಿತ್ತು. ಗುರುಗಳು ಜಗಲಿಯ ಗೋಡೆಗೆ ಒರಗಿ ಕೂತಿದ್ದರು. ಪ್ರಶ್ನೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು. ಮಠದ ನಾಯಿಗೂ ಗೊತ್ತಿತ್ತು ಅನ್ನಿ.

ದಾಸೋಹದ ಉಸ್ತುವಾರಿ ಮುರುಘೇಂದ್ರನದು. ಅಡುಗೆ ಸಾವಂತ್ರವ್ವನದು, ಅದೂ ಮೂವತ್ತು ವರ್ಷದಿಂದ. ಸೋಮವಾರ ಪರಸ್ಥಳದ ಭಕ್ತರು ಪಂಕ್ತಿಯಲ್ಲಿ ಕೂತಿದ್ದಾಗ ಸಾರು ಬರುವುದು ತಡವಾಯಿತು. ಮುರುಘೇಂದ್ರ ಅಂಗಳದಲ್ಲಿ ನಿಂತೇ ಒಳಗೆ ಕೂಗಿದ: "ಕೈಲಾಗದಿದ್ದರೆ ಸೌಟು ಕೆಳಗಿಟ್ಟು ಮನೆ ಸೇರಿಕೊ!" ಐವತ್ತು ಜನ ಕೇಳಿದರು. ಸಾವಂತ್ರವ್ವ ಸಾರು ತಂದು ಬಡಿಸಿದಳು. ಆ ದಿನದಿಂದ ಅವನ ತಾಟಿಗೆ ಬಡಿಸುತ್ತಾಳೆ, ಆದರೆ "ಇನ್ನೊಂದು ರೊಟ್ಟಿ ಹಾಕ್ಲೇನಪಾ" ಅನ್ನುವುದಿಲ್ಲ. ಇವತ್ತು ಬೆಳಗ್ಗೆ ಅಡುಗೆಮನೆಯ ಬಾಗಿಲ ಬಳಿ ಅವಳ ಬಟ್ಟೆಯ ಗಂಟು ಕಾಣಿಸಿತು. ನಾಳೆ ಮೊದಲ ಬಸ್ಸಿಗೆ ತಂಗಿಯ ಊರಿಗೆ ಹೊರಟವಳು, ಮತ್ತೆ ಬರುವ ಮಾತಿಲ್ಲ.

ಮುರುಘೇಂದ್ರನೇ ಮುಂದುವರಿಸಿದ: "ನಾನು ಆಡಿದೆ, ಆಗಲೇ ಮರೆತೆ. ನನ್ನ ಮನಸ್ಸಿನಲ್ಲಿ ಒಂದಿಷ್ಟೂ ಉಳಿದಿಲ್ಲ, ಹಗುರಾಗಿದೆ. ಅವಳು ಹಿಡಿದುಕೊಂಡು ಕೂತರೆ ನಾನೇನು ಮಾಡಲಿ? ಹೊರಗೆ ಬಿಟ್ಟದ್ದನ್ನು ಬಿಟ್ಟುಬಿಡುವುದೇ ವೈರಾಗ್ಯ ಅಲ್ಲವೇ?"

ಗುರುಗಳು ನಕ್ಕರು. ಮಠದ ಜೀಪು ಕೆಟ್ಟು ನಿಂತರೆ ಮೊದಲು ಬಾನೆಟ್ ಎತ್ತುವವರು ಅವರೇ. ಹಾಗಾಗಿ ಅವರ ಕತೆಗಳಲ್ಲಿ ಹಂಸ, ಮೊಸಳೆಗಳಿಗಿಂತ ಗೇರು, ಬ್ರೇಕುಗಳೇ ಹೆಚ್ಚು.

"ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ," ಎಂದರು.

ಒಂದೂರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅವನಿಗೆ ಒಂದು ಡೀಸೆಲ್ ಕಾರಿತ್ತು. ಹೆಂಡತಿಯ ಮೇಲೆ ಪ್ರೀತಿ ಇತ್ತು, ಕಾರಿನ ಮೇಲೂ ಇತ್ತು. ಯಾವುದು ಹೆಚ್ಚು ಎಂದು ಹೆಂಡತಿ ಆಗಾಗ ಕೇಳುತ್ತಿದ್ದಳು. ಅವನು ಮಾತು ಬದಲಿಸುತ್ತಿದ್ದ.

ಮನೆಯಿಂದ ಮಾರುಕಟ್ಟೆಗೆ ಒಂದೇ ಮೈಲಿ. ಇಂಜಿನ್ ಬಿಸಿಯಾಗುವಷ್ಟರಲ್ಲಿ ದಾರಿಯೇ ಮುಗಿಯುತ್ತಿತ್ತು. ಹಾಗೆ ನಾಲ್ಕು ವರ್ಷ ಓಡಿದ ಕಾರು ಒಂದು ದಿನ ಗುಟುಕು ಗುಟುಕಾಗಿ ಎಳೆಯತೊಡಗಿತು. ನಾಲ್ಕು ರಸ್ತೆ ಕೂಡುವಲ್ಲಿ ನಿಂತೇಬಿಟ್ಟಿತು. ಮತ್ತೆ ಶುರು ಮಾಡಿದರೆ ಹಿಂದೆ ಕರಿ ಹೊಗೆ. "ಏನ್ ಸಾವಕಾರ್ರ, ಗಾಡಿಗೆ ದೃಷ್ಟಿ ತೆಗದು ಮೆಣಸಿನಕಾಯಿ ಸುಡಾಕತ್ತೀರೇನು?" ಎಂದು ಮಾರುಕಟ್ಟೆಯವರು ನಕ್ಕರು.

ವ್ಯಾಪಾರಿ ಒಬ್ಬ ಮೆಕ್ಯಾನಿಕ್‌ನ ಬಳಿಗೆ ಹೋದ. ಮೆಕ್ಯಾನಿಕ್ ಇಂಜಿನ್ನಿನ ಪಕ್ಕದಿಂದ ಮುಷ್ಟಿಗಾತ್ರದ ಒಂದು ಸಾಮಾನು ಬಿಚ್ಚಿ ತೋರಿಸಿದ. ಒಳಗೆಲ್ಲ ಹೋಳಿಗೆ ಸೀದ ಹಂಚಿನ ಹಾಗೆ ಕರಿ ಕಟ್ಟಿತ್ತು.

"ಇದಕ್ಕ ಇಜಿಆರ್ ವಾಲ್ವ್ ಅಂತಾರ್ರೀ. ಇಂಜಿನ್ ಬಿಟ್ಟ ಹೊಗಿಯೊಳಗ ಸ್ವಲ್ಪ ತಿರುಗಿ ಇಂಜಿನ್ನಿಗೇ ಕಳಸತೈತಿ. ಮಸಿ ಹಿಡದು ತೆರೆದಲ್ಲೇ ಸಿಕ್ಕೊಂಡೈತಿ. ಹೊಗಿ ಅತಿ ಆಗಿ ಇಂಜಿನ್ನಿಗೆ ಉಸಿರು ಕಟ್ಟಾಕತ್ತೈತಿ. ತಿಕ್ಕಿದ್ರ ಹೋಗೂದಲ್ಲ, ಹೊಸಾದು ಹಾಕಬೇಕು."

ವ್ಯಾಪಾರಿಗೆ ನಗು ಬಂತು. "ಬಿಟ್ಟ ಹೊಗಿ ತಿರುಗಿ ಒಳಗ? ಉಗುಳಿದ್ದನ್ನ ಯಾರರೆ ನುಂಗತಾರೇನೋ ಮಾರಾಯ?"

"ಎಲ್ಲಾ ಅಲ್ರೀ, ಸ್ವಲ್ಪ. ಆ ಸ್ವಲ್ಪ ಒಳಗ ಹೋದ್ರ ಒಳಗಿನ ಉರಿ ಹದಕ್ಕಿರತೈತಿ. ಹೊರಗ ಬರೂ ಹೊಗಿ ಘಾಟು ಕಡಿಮಿ ಆಗತೈತಿ."

"ಹೊರಗ ಹೋದದ್ದು ಹೊರಗ ಹೋತು. ಒಂದು ತಗಡು ಹೊಡದು ಆ ದಾರಿನ ಬಂದ್ ಮಾಡಿಬಿಡು."

"ಅದೊಂದು ನನ್ನ ಕೈಲೆ ಆಗೂದಲ್ರೀ," ಎಂದ ಮೆಕ್ಯಾನಿಕ್.

ಊರಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಇದ್ದ. ಅವನ ಕೈಲಿ ಆಯಿತು. ಅಂಗೈಯಗಲದ ತಗಡು ಕತ್ತರಿಸಿ ನಡುವೆ ಸೇರಿಸಿ ಬೋಲ್ಟು ಬಿಗಿದ. ಕಾರು ಹಾರಿತು! ವ್ಯಾಪಾರಿ ಮಾರುಕಟ್ಟೆಯ ಸುತ್ತ ಸುಮ್ಮನೆ ಎರಡು ಸುತ್ತು ಹಾಕಿ ಬಂದ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಒಂದು ಹಳದಿ ದೀಪ ಹೊತ್ತಿಕೊಂಡಿತು. ಆರಲೊಲ್ಲದು. ವ್ಯಾಪಾರಿ ಒಂದು ಪುಟ್ಟ ಗಣಪತಿಯ ಸ್ಟಿಕ್ಕರ್ ತಂದು ಸರಿಯಾಗಿ ಆ ದೀಪದ ಮೇಲೆ ಅಂಟಿಸಿದ. ಗಣಪತಿಯ ಹೊಟ್ಟೆ ಹಿಂದಿನಿಂದ ಹಳದಿಯಾಗಿ ಬೆಳಗಿತು. ನೋಡಿದವರು ಕೈ ಮುಗಿದರು.

ವ್ಯಾಪಾರಿಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಬೆಳಗ್ಗೆ ಮನೆ ಬಿಡುವಾಗ ಗಾಡಿಯ ಮೊದಲ ಚಲನೆ ಹಿಂದಕ್ಕೆ ಆಗಬಾರದು, ವ್ಯಾಪಾರ ಹಿಂದೆ ಬೀಳುತ್ತದೆ. ಅದಕ್ಕೆ ರಾತ್ರಿಯೇ ಕಾರಿನ ಮುಖ ಬೀದಿಗೆ ಮಾಡಿ ನಿಲ್ಲಿಸುತ್ತಿದ್ದ. ಮುಖ ಬೀದಿಗಾದರೆ ಸೈಲೆನ್ಸರ್ ಮನೆಗೆ, ನೇರ ಅಡುಗೆಮನೆಯ ಕಿಟಕಿಗೆ. ಬೆಳಗ್ಗೆ ಇಂಜಿನ್ ಶುರು ಮಾಡಿ, ಗಣಪತಿಗೆ ಹೂವಿಟ್ಟು, ಊದುಬತ್ತಿ ಬೆಳಗಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಾಲು ಗಂಟೆಯ ಪೂಜೆ.

ಹೆಂಡತಿಗೆ ಕೆಮ್ಮು ಶುರುವಾಯಿತು.

"ಒಗ್ಗರಣಿ ಘಾಟು ಅದು. ಮೆಣಸಿನಕಾಯಿ ಬಿಡು," ಎಂದ ವ್ಯಾಪಾರಿ. ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ಮೆಣಸಿನಕಾಯಿ ನಿಂತಿತು. ಇಬ್ಬರೂ ಸಪ್ಪೆ ಸಾರು ಉಂಡರು. ಕೆಮ್ಮು ನಿಲ್ಲಲಿಲ್ಲ. ಅವಳನ್ನು ಅದೇ ಕಾರಿನಲ್ಲಿ ಕೂಡಿಸಿಕೊಂಡು ಮೂರು ಊರಿನ ವೈದ್ಯರಿಗೆ ತೋರಿಸಿದ. ಸಿಟ್ಟಿನಿಂದಲ್ಲ, ನಿಜವಾದ ಕಳಕಳಿಯಿಂದ. ಔಷಧದ ಬಾಟಲಿಗಳು ಸಾಲುಗಟ್ಟಿದವು. ಕೊನೆಗೆ ಅವಳು ಗಾಳಿ ಬದಲಾಗಲಿ ಎಂದು ತವರಿಗೆ ಹೋದಳು.

ಎಂಟು ದಿನದ ಮೇಲೆ ಫೋನ್ ಮಾಡಿದಳು. "ಏನ್ರೀ, ಇಲ್ಲಿ ಬಂದಾಗಿಂದ ಒಂದ ಸಲನೂ ಕೆಮ್ಮಿಲ್ಲ. ಖಾರ ಚಟ್ನಿನೂ ತಿಂದೆ. ನಿಮ್ಮ ಮನಿ ಗಾಳಿನ ನನಗ ಆಗಿ ಬರವಲ್ದು ಕಾಣತೈತಿ. ಇಲ್ಲೇ ಇದ್ದುಬಿಡಲೇನು?"

ವ್ಯಾಪಾರಿ ಫೋನ್ ಕೆಳಗಿಟ್ಟ. ಇಪ್ಪತ್ತಾರು ವರ್ಷ 'ನಮ್ಮ ಮನಿ' ಅಂದವಳು ಅವತ್ತು 'ನಿಮ್ಮ ಮನಿ' ಅಂದಿದ್ದಳು. ಆ ದಿನ ಅವನು ಮಾರುಕಟ್ಟೆಗೆ ಹೋಗಲಿಲ್ಲ.

ಮಾರನೆಯ ಬೆಳಗ್ಗೆ ಮೊದಲಿನ ಮೆಕ್ಯಾನಿಕ್ ಮಗಳ ಮದುವೆಯ ಕರೆಯೋಲೆ ಹಿಡಿದು ಬಂದ. ಮನೆಗೆ ಬಂದವನಿಗೆ ಚಹಾ ಕೊಡದೆ ಕಳಿಸುವುದುಂಟೆ? "ನಾನ ಮಾಡತೀನಿ, ಕುಂದರು," ಎಂದು ವ್ಯಾಪಾರಿ ಒಳಗೆ ನಡೆದ. ಹಾಗೆಯೇ ಒಂದು ಚುಚ್ಚು ಮಾತು ಬಾಯಿಗೆ ಬಂತು. ಕಾರಿನ ಕೀಲಿಕೈ ಎಸೆದ. "ಅಲ್ಲೀತನಕ ಗಾಡಿ ಶುರು ಮಾಡಿ ನೋಡು. ನಿನ್ನ ವಾಲ್ವ್ ಇಲ್ಲದ ಹೆಂಗ ಗುಡಗತೈತಿ ಅಂತ ಕೇಳು."

ಮೆಕ್ಯಾನಿಕ್ ಶುರು ಮಾಡಿದ.

ವ್ಯಾಪಾರಿ ಒಲೆಯ ಮುಂದೆ ನಿಂತಿದ್ದ. ಹಾಲು ಇನ್ನೂ ಉಕ್ಕಿರಲಿಲ್ಲ. ಮೊದಲು ಮೂಗು ಉರಿಯಿತು. ಆಮೇಲೆ ಕಣ್ಣು. ಆಮೇಲೆ ಎದೆಯಿಂದ ಕೆಮ್ಮು ಎದ್ದಿತು. ಎಂಥ ಕೆಮ್ಮು ಅಂದರೆ, ಗೋಡೆ ಹಿಡಿದು ನಿಂತ. ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ. ಮನೆಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ. ಆ ಕೆಮ್ಮು ಅವನಿಗೆ ಗುರುತಿನದು. ನಾಲ್ಕು ತಿಂಗಳು ದಿನಾ ಬೆಳಗ್ಗೆ ಕೇಳಿದ್ದ. ನೀರು ತುಂಬಿದ ಕಣ್ಣಿನಿಂದ ಕಿಟಕಿಯ ಕಡೆ ನೋಡಿದ. ಸರಳುಗಳ ಆಚೆ ಮೊಳದ ದೂರದಲ್ಲಿ ಅವನದೇ ಕಾರಿನ ಬೆನ್ನು. ಪಕ್ಕದಲ್ಲಿ ಹಾಲು ಉಕ್ಕಿ ಒಲೆ ಆರಿತು.

ಹೆಂಡತಿ ಕೈ ಒರೆಸಲೆಂದು ಕಿಟಕಿಯ ಮೊಳೆಗೆ ಸಿಕ್ಕಿಸಿದ್ದ ಹಳೆಯ ಸೀರೆಯ ತುಂಡಿನಲ್ಲಿ ಕಣ್ಣು ಒರೆಸಿಕೊಂಡು ವ್ಯಾಪಾರಿ ಹೊರಗೆ ಬಂದ.

"ಆ ಹೊಸ ವಾಲ್ವ್ ಯಾವಾಗ ಹಾಕತೀ?"

ಮೆಕ್ಯಾನಿಕ್ ಅವನ ಮುಖ ನೋಡಿದ. ಚಹಾ ಎಲ್ಲಿ ಎಂದು ಕೇಳಲಿಲ್ಲ. "ನಾಳೆ ತರಸತೀನ್ರೀ," ಎಂದ.

ಮಾರನೆಯ ದಿನ ಮೆಕ್ಯಾನಿಕ್ ಇಂಜಿನ್ ತಣ್ಣಗಾಗುವವರೆಗೆ ಕಾದ. ತಗಡು ಕಿತ್ತು ತೆಗೆದ. ಕೊಳವೆಯೊಳಗಿನ ಮಸಿ ಕೆರೆದ. ಹೊಸ ಪ್ಯಾಕಿಂಗ್ ಕೂಡಿಸಿ, ಹೊಸ ವಾಲ್ವ್ ಬಿಗಿದು, ವೈರ್ ಸಿಕ್ಕಿಸಿದ. ವ್ಯಾಪಾರಿ ಅಷ್ಟು ಹೊತ್ತೂ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ. ಆಮೇಲೆ ಗಣಪತಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಕ್ಷಮೆ ಕೇಳಿ, ಪಕ್ಕದ ಖಾಲಿ ಜಾಗದಲ್ಲಿ ಕೂಡಿಸಿದ. ಕೆಳಗಿನ ದೀಪ ಆರಿತ್ತು. ಆ ಸಂಜೆ ಕಾರಿನ ಮುಖವನ್ನು ಕಿಟಕಿಗೆ ಮಾಡಿ ನಿಲ್ಲಿಸಿದ. ಮಾರನೆಯ ಬೆಳಗ್ಗೆ ಹೆಂಡತಿಯ ತವರಿಗೆ ಹೊರಟಾಗ, ಜನ್ಮದಲ್ಲಿ ಮೊದಲ ಸಲ, ಗಾಡಿಯ ಮೊದಲ ಚಲನೆ ಹಿಂದಕ್ಕೆ ಆಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮುರುಘೇಂದ್ರನಿಗೆ ಕತೆ ಹಿಡಿಸಿತ್ತು. ತನ್ನ ಪ್ರಶ್ನೆ ಎಲ್ಲಿಗೆ ಹೋಯಿತೆಂಬುದು ಮರೆತೇ ಹೋಗಿತ್ತು. "ಹೆಂಡತಿ ಬಂದಳೇ?" ಎಂದು ಕೇಳಿದ.

"ಬಂದಳು. ಎಲ್ಲವನ್ನೂ ಕೇಳಿಸಿಕೊಂಡು, 'ಅಂದ್ರ ನಾಲ್ಕು ತಿಂಗಳು ನನಗ ಸಪ್ಪನ ಸಾರು ಉಣ್ಣಿಸಿದ್ದು ಆ ತಗಡು!' ಅಂತ ದಾರಿಯುದ್ದಕ್ಕೂ ನಕ್ಕಳು. ಆದರೆ ಅವನು ಹೋಗಿ ಕರೆದ ಮೇಲೆ ಬಂದಳು."

ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಸದ್ದು ಕೇಳಿಸುತ್ತಿತ್ತು.

ಗುರುಗಳು ಅತ್ತ ನೋಡಿ ಕೇಳಿದರು: "ಮುರುಘೇಂದ್ರಾ, ನೀನು ಒಮ್ಮೆಯಾದರೂ ಆ ಒಲೆಯ ಮುಂದೆ ನಿಂತು ಅಂಗಳದಿಂದ ಬರುವ ನಿನ್ನ ದನಿಯನ್ನು ಕೇಳಿದ್ದೀಯಾ?"

ಮುರುಘೇಂದ್ರ ಎದ್ದು ಅಡುಗೆಮನೆಯ ಬಾಗಿಲ ಕಡೆ ನಡೆದ.